ಸೋಡಚೀಟಿ ಮತ್ತು ಹದಿನೈದು ವಾರ

2023ರ ಜನವರಿ 24, ಮಂಗಳವಾರ. ಐದೂವರೆಗೆ ಎದ್ದು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ, ನಾಲ್ಕು ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯದ ಜೊತೆ ಯಜಮಾನರ ಡಬ್ಬಿ ಕಟ್ಟಿದೆ. ಅವರಿಗೆ ನಮ್ಮ ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಮೊದಲ ಪಾಳಿ. ಸ್ಕೂಟರಿನ ಸದ್ದು ತಿರುವು ದಾಟಿದ ಮೇಲೆ ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ. ಆಮೇಲೆ ಊಟದ ಮೇಜಿನ ಪ್ಲಾಸ್ಟಿಕ್ ಹಾಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟೆ. ಕಾಗದಕ್ಕೆ ಎಣ್ಣೆ ತಾಗಬಾರದು. ಆ ಮೇಜೇ ನನ್ನ ಕಚೇರಿ.

ಕೆಲಸವೆಂದರೆ ಸಂಬಳ ಇರಬೇಕು ಎನ್ನುವವರ ಲೆಕ್ಕದಲ್ಲಿ ನನ್ನದು ಕೆಲಸವಲ್ಲ. ಬೀದರಿನಲ್ಲಿ ಸಿಸ್ಟರ್‌ಗಳ ಶಾಲೆಯಲ್ಲಿ ಕಲಿತವಳು, ಇಂಗ್ಲಿಷ್ ಅಕ್ಷರ ದುಂಡಗೆ ಬರೆಯುತ್ತೇನೆ ಎಂಬ ಒಂದೇ ಅರ್ಹತೆಯ ಮೇಲೆ ಹನ್ನೆರಡು ವರ್ಷ ಪಾಸ್‌ಪೋರ್ಟ್, ವೀಸಾ ಅರ್ಜಿಗಳನ್ನು ತುಂಬುತ್ತ ಬಂದಿದ್ದೆ. ನಾರಾಯಣಖೇಡ, ಸಿರ್ಗಾಪುರದ ಕಡೆಯಿಂದಲೂ ಜನ ಬರುತ್ತಿದ್ದರು. ‘ಅರ್ಜಿ ಅಕ್ಕಾರ ಮನಿ ಯಾವುದ್ರಿ?’ ಎಂದರೆ ಬಸ್‌ಸ್ಟ್ಯಾಂಡಿನ ಆಟೋದವರೂ ತೋರಿಸುತ್ತಿದ್ದರು.

ಆರೂಮುಕ್ಕಾಲಿಗೆ ಪಕ್ಕದ ಮನೆಯ ಇಂದಿರಾಬಾಯಿ ಗೋಡೆಯ ಆಚೆಯಿಂದ ಕರಿಬೇವು ಕೇಳಿದರು. ಹದಿನಾಲ್ಕು ವರ್ಷದ ನೆರೆ. ತವರು ನಾಗಲಗಿದ್ದ ಎಂಬ ಊರು. ಮನೆತನದ ಮಾತು ಬಂದರೆ ಎರಡಂಗುಲ ಎತ್ತರವಾಗುತ್ತಾರೆ. ಕರಿಬೇವು ಮುರಿಯುತ್ತಿರುವಾಗಲೇ ಫೋನು ಗುಂಯ್ಗುಟ್ಟಿತು. ಅಮೆರಿಕದಿಂದ ರಾಜಶೇಖರ ಅವರು ನಾಲ್ಕು ಪುಟದ ಪತ್ರದ ಫೋಟೊ ಕಳಿಸಿದ್ದರು. ಕೆಳಗೆ ಒಂದೇ ಸಾಲು: ‘ಅಕ್ಕಾರೆ, ಇದರ ಅರ್ಥ ನಾ ತಿಳ್ಕೊಂಡಂಗೇ ಇದ್ರ, ಮಹಾನಂದಾಗ ನೀವೇ ಹೇಳ್ರಿ. ನನ್ನ ಕೈಲೆ ಆಗಲ್ಲ.’

ರಾಜಶೇಖರ ಸಿರ್ಗಾಪುರದವರು. ನರ್ಸ್ ಆಗಿದ್ದ ಮೊದಲ ಹೆಂಡತಿಯ ಹಿಂದೆ ಅಮೆರಿಕಕ್ಕೆ ಹೋಗಿ, ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಂತವರು. ಆಕೆ ತೀರಿಕೊಂಡರು. ಇವರು ಅಲ್ಲಿನ ಪ್ರಜೆಯಾದರು. 2019ರ ಡಿಸೆಂಬರಿನಲ್ಲಿ ಊರಿಗೆ ಬಂದು ನಾರಾಯಣಖೇಡದ ಮಹಾನಂದಾಳನ್ನು ಮದುವೆಯಾದರು. ಆಕೆ ಅಂಗನವಾಡಿ ಟೀಚರ್. ಮೊದಲ ಗಂಡನಿಂದ ಬಿಡುಗಡೆಯಾದವಳು. ಜೊತೆಗೆ ಹದಿನಾಲ್ಕರ ಮಗಳು ಪಲ್ಲವಿ. 2022ರ ಮಾರ್ಚಿನಲ್ಲಿ ರಾಜಶೇಖರ ಹೆಂಡತಿಗೂ ಮಲಮಗಳಿಗೂ ‘ಪಿಟಿಷನ್’ ಹಾಕಿದರು. ನನ್ನ ಕುಟುಂಬದವರನ್ನು ಇಲ್ಲಿಗೆ ಕರೆಸಿಕೊಳ್ಳಲು ಬಿಡಿ ಎಂದು ಆ ದೇಶದ ಪ್ರಜೆ ಕೇಳಿಕೊಳ್ಳುವ ಅರ್ಜಿ ಅದು. ಅದನ್ನು ತುಂಬಿದವಳು ನಾನು.

ಪತ್ರ ಅಮೆರಿಕದ ವಲಸೆ ಕಚೇರಿಯದು, ಮೊದಲೆರಡು ಪುಟ ಮಾಮೂಲು ಮಾತು. ಮೂರನೆಯ ಪುಟದಲ್ಲಿ ವಿಷಯ ಇತ್ತು. ಪತ್ನಿಯ ಮೊದಲ ಮದುವೆ ಕಾನೂನಿನ ಪ್ರಕಾರ ಮುಗಿದಿದೆ ಎಂಬುದಕ್ಕೆ ಕೋರ್ಟಿನ ಡಿಕ್ರಿ, ಅಂದರೆ ವಿಚ್ಛೇದನದ ತೀರ್ಪು, ಒದಗಿಸಿ. ಹನ್ನೆರಡು ವಾರ ಗಡುವು. ಕಳಿಸಿರುವ ಕಾಗದ ಸಾಲದು.

ಆ ‘ಕಳಿಸಿರುವ ಕಾಗದ’ವೇ ಸೋಡಚೀಟಿ. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಗಂಡ ಹೆಂಡತಿ ಕೂಡಿ ಬಾಳಲಾಗದಿದ್ದರೆ ಐವರು ಪಂಚರು ಕೂಡುತ್ತಾರೆ, ಮಠದ ಅಯ್ಯನವರು ಬರುತ್ತಾರೆ. ಇಬ್ಬರೂ ಒಂದು ವೀಳ್ಯದೆಲೆ ಹಿಡಿದು ಎರಡು ಹೋಳು ಮಾಡುತ್ತಾರೆ. ಸ್ಟಾಂಪ್ ಕಾಗದದ ಮೇಲೆ ‘ಇನ್ನು ಇವಳ ಮೇಲೆ ಅವನ ಹಕ್ಕಿಲ್ಲ, ಅವನ ಮೇಲೆ ಇವಳ ಹಕ್ಕಿಲ್ಲ’ ಎಂದು ಬರೆದು ಸಹಿ ಹಾಕಿದರೆ ಆಯಿತು. ಆಮೇಲೆ ಇಬ್ಬರೂ ಬೇರೆ ಮದುವೆಯಾದರೆ ಊರಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮಹಾನಂದಾ ತನ್ನ 2011ರ ಸೋಡಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ, ಮಗಳ ಅಂಕಪಟ್ಟಿಗಳ ಜೊತೆ ಇಟ್ಟಿದ್ದಳು. ನನ್ನ ಮೇಜಿನ ಮೇಲಿಟ್ಟಾಗ ಅದರ ಮೂಲೆಯಲ್ಲಿ ಸಿಕ್ಕಿಬಿದ್ದ ಒಂದು ಗಾಳಿಗುಳ್ಳೆಯನ್ನೂ ನೋಡಿದ್ದೆ. ಯಾವ ಕೋರ್ಟು ಎಂದು ಮಾತ್ರ ಕೇಳಲಿಲ್ಲ. ಕನ್ನಡ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕಲ್ಲ, ಅದಕ್ಕೆ ‘ಡೈವೋರ್ಸ್ ಡೀಡ್’ ಎಂದು ತಲೆಬರಹ ಕೊಟ್ಟವಳು ನಾನು. ‘ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ’ ಎಂದು ಕೆಳಗೆ ಸಹಿಯನ್ನೂ ಹಾಕಿದ್ದೆ.

ಅರ್ಜಿ ಹಾಕಿದವರು ಆಮೇಲೆ ವಿಚ್ಛೇದನ ಪಡೆದರೆ ಹೆಂಡತಿಯ ಅರ್ಜಿ ಬೀಳುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತು. ಹಳೆಯ ವಿಚ್ಛೇದನವೊಂದು ಅರೆಬರೆಯಾಗಿದ್ದರೂ ಹೊಸ ಅರ್ಜಿಯೆಲ್ಲ ಬೀಳುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೊದಲ ಮದುವೆ ಮುಗಿದೇ ಇಲ್ಲ ಎಂದಾದರೆ ಎರಡನೆಯದು ಮದುವೆಯೇ ಅಲ್ಲ. ಮಹಾನಂದಾ ಹೆಂಡತಿಯಲ್ಲ, ಪಲ್ಲವಿ ಮಲಮಗಳಲ್ಲ. ಸರಿ, ಈಗ ಡಿಕ್ರಿ ಪಡೆದು ಮತ್ತೆ ಮದುವೆಯಾಗಲಿ ಎಂದರೆ ಅಲ್ಲೊಂದು ಮುಳ್ಳು. ಮಗುವಿಗೆ ಹದಿನೆಂಟು ತುಂಬುವ ಮೊದಲು ನಡೆದ ಮದುವೆಯಿಂದ ಮಾತ್ರ ಮಲಮಗಳ ಸಂಬಂಧವನ್ನು ಅವರು ಒಪ್ಪುತ್ತಾರೆ. ಪಲ್ಲವಿ ಹುಟ್ಟಿದ್ದು 2005ರ ಮೇ 9. ಗೋಡೆಯ ಕ್ಯಾಲೆಂಡರ್ ತಿರುವಿ ಬೆರಳಿಟ್ಟು ಎಣಿಸಿದೆ. ಸರಿಯಾಗಿ ಹದಿನೈದು ವಾರ.

ತಾಯಿ ಒಬ್ಬಳೇ ಹೋಗಿ ಅಲ್ಲಿಂದ ಮಗಳಿಗೆ ಅರ್ಜಿ ಹಾಕಬಹುದು, ನಿಜ. ಅದು ಬೇರೆ ಸಾಲು, ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಹುಡುಗಿಗೆ ಮದುವೆಯಾದರೆ ಆ ಬಾಗಿಲೂ ಮುಚ್ಚುತ್ತದೆ. ಪಲ್ಲವಿಯ ಅಜ್ಜಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಉಳಿದದ್ದು ಸೋದರಮಾವನ ಮನೆ. ಅವನು ಆಗಲೇ ಗಂಡು ನೋಡಿಟ್ಟಿದ್ದ.

ಹತ್ತು ಗಂಟೆಯ ಹೊತ್ತಿಗೆ ತಾಯಿ ಮಗಳು ಬಂದರು. ಫೋನಿನಲ್ಲಿ ನಾನು ‘ಕಾಗದಪತ್ರ ತಗೊಂಡು ಬಾ’ ಎಂದಷ್ಟೇ ಹೇಳಿದ್ದೆ. ವೀಸಾ ಬಂತೆಂದು ತಿಳಿದು ಮಹಾನಂದಾ ಪೇಡೆಯ ಪೊಟ್ಟಣ ತಂದಿದ್ದಳು. ಅದನ್ನು ಮೇಜಿನ ಮೇಲಿಡಲು ಬಿಟ್ಟು, ಆಮೇಲೆ ಹೇಳಿದೆ. ಆಕೆ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಐದು ಮಂದಿ ಹಿರ್ಯಾರು ಕುಂತು ಬರ್ದ ಕಾಗಜ್ ಸುಳ್ಳೇನ್ರಿ ಅಕ್ಕಾರೆ?”

“ಸುಳ್ಳಲ್ಲ ಮಹಾನಂದಾ. ಸಾಲದು. ಆವತ್ತು ನಾ ಕೇಳಬೇಕಾಗಿತ್ತು, ಕೇಳಲಿಲ್ಲ.”

 ಇಂಟರ್, ಅಂದರೆ ತೆಲಂಗಾಣದ ಪಿಯುಸಿ, ಎರಡನೆಯ ವರ್ಷದ ಪಲ್ಲವಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ನಾನು ಮೇ ತಿಂಗಳ ಹಾಳೆ ಹಾಗೇ ಬಿಟ್ಟಿದ್ದೆ.

ಹನ್ನೊಂದಕ್ಕೆ ವಕೀಲ ಮಾಣಿಕರಾವ್ ಅವರ ಕೋಣೆಯಲ್ಲಿದ್ದೆವು. ಅವರು ಲ್ಯಾಮಿನೇಟ್ ಮಾಡಿದ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು.

“ನೋಡ್ರಿ, ದಾರಿ ಎರಡವ. ಒಂದು, ಈ ಚೀಟಿ ಮರತೇಬಿಡೋದು. ಹಳೇ ಗಂಡ ಹೆಂಡ್ತಿ ಇಬ್ಬರೂ ಕೂಡಿ, ನಮ್ಮಿಬ್ಬರಿಗಿ ಒಪ್ಪಿಗಿ ಅದ, ಬಿಡಿಸ್ರಿ ಅಂತ ಕೋರ್ಟಿಗಿ ಅರ್ಜಿ ಕೊಡೋದು. ಆರು ತಿಂಗಳು ಕಾಯಬೇಕು ಅಂತ ಕಾಯ್ದೆ ಅದ. ಹನ್ನೊಂದು ವರ್ಷ ಬ್ಯಾರೆ ಇದ್ದಾರ, ಅದನ್ನ ಮಾಫ್ ಮಾಡ್ರಿ ಅಂತ ಕೇಳ್ತೀನಿ. ನಸೀಬ್ ಇದ್ರ ಏಪ್ರಿಲ್‌ನ್ಯಾಗ ಡಿಕ್ರಿ. ಮತ್ತ ಲಗ್ನ ಮಾಡ್ಕೋರಿ, ಹೊಸ ಅರ್ಜಿ ಹಾಕ್ರಿ.”

“ಎರಡನೇದು?” ಎಂದೆ.

“ಈ ಚೀಟಿನೇ ಖರೆ ಅಂತ ಕೋರ್ಟಿನಿಂದ ಹೇಳಿಸೋದು. ರೂಢಿ ಇದ್ದ ಜನಕ್ಕ ರೂಢಿಯ ಬಿಡುಗಡಿ ನಡೀತದ ಅಂತ ಕಾಯ್ದೆದಾಗೇ ಅದ. ಆದ್ರ ರೂಢಿ ಅದ ಅಂತ ಸಾಬೀತ್ ಮಾಡಬೇಕಲ್ಲ? ಪಂಚರು ಈಗ ಎಷ್ಟು ಮಂದಿ ಉಳದಾರಮ್ಮ?”

“ಇಬ್ಬರ್ರಿ. ಒಬ್ಬರಿಗಿ ಕಿವಿ ಕೇಳಂಗಿಲ್ಲ.”

ಮಾಣಿಕರಾವ್ ಕನ್ನಡಕ ತೆಗೆದರು. “ಇದೇ ಜನದಾಗ, ಹಿಂಗೇ ಚೀಟಿ ಆಗಿ, ಅದನ್ನ ಒಂದು ಕೋರ್ಟ್ ಮಾನ್ಯ ಮಾಡಿದ್ದು, ಅಂಥಾ ಹಳೇ ಕಾಗಜ್ ಒಂದು ತರ್ರಿ. ಒಂದೇ ಒಂದು. ಆಗ ನನ್ನ ಕೈಯಾಗ ಏನರ ಅದ ಅಂತೀನಿ. ಇಲ್ಲಂದ್ರ ಬರೇ ಬಾಯಿಮಾತು, ವರ್ಷಗಟ್ಟಲೆ ಓಡಾಟ.”

ನಾನು ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ಎರಡನೆಯ ದಾರಿಯಲ್ಲಿ ಗೆದ್ದರೆ 2019ರ ಮದುವೆ ನಿಲ್ಲುತ್ತದೆ. ಆಗ ಪಲ್ಲವಿಗೆ ಹದಿನಾಲ್ಕು. ಹದಿನೆಂಟರ ಭಯವೇ ಇಲ್ಲ, ಇಪ್ಪತ್ತೊಂದರೊಳಗೆ ಯಾವಾಗ ಬೇಕಾದರೂ ಮತ್ತೆ ಅರ್ಜಿ ಹಾಕಬಹುದು. ಸೋತರೆ, ಅಷ್ಟರಲ್ಲಿ ಹದಿನೆಂಟು ದಾಟಿರುತ್ತದೆ, ಮೊದಲ ದಾರಿಯೂ ಉಳಿಯುವುದಿಲ್ಲ. ಕೈಯಲ್ಲಿ ಹಳೆಯ ಕಾಗದ ಇರಲಿಲ್ಲ, ಮೊದಲ ದಾರಿಯನ್ನೇ ಹಿಡಿದೆವು.

“ಗುರುವಾರ ಗಣರಾಜ್ಯೋತ್ಸವ, ಕೋರ್ಟ್ ಇಲ್ಲ. ಇವತ್ತು ಹಳೇ ಗಂಡನ ಸಹಿ ತಂದ್ರ ನಾಳೆನೇ ಹಾಕಿಬಿಡ್ತೀನಿ. ಒಂದೊಂದು ದಿನ ಬಂಗಾರ ಅದ” ಎಂದು ಮಾಣಿಕರಾವ್ ಇಂಗ್ಲಿಷಿನಲ್ಲಿ ಅರ್ಜಿ ಟೈಪು ಮಾಡಿಸಿ ಕೊಟ್ಟರು. ಆರು ಪುಟ. ಇನ್ನೂ ಬೆಚ್ಚಗಿದ್ದವು.

ಮೊದಲ ಗಂಡ ಶಿವಕುಮಾರ ಇದ್ದದ್ದು ತಾಂಡೂರಿನಲ್ಲಿ, ಹಾಸುಗಲ್ಲಿಗೆ ಪಾಲಿಶ್ ಹಾಕುವ ಒಂದು ಘಟಕದಲ್ಲಿ ಮೇಸ್ತ್ರಿ. ಬಸ್ಸಿನಲ್ಲಿ ಮಹಾನಂದಾ ಕಿಟಕಿಗೆ ಆತು ಕುಳಿತು, ಗೊತ್ತಿದ್ದ ನಂಟರಿಗೆಲ್ಲ ಫೋನು ಹಚ್ಚಿದಳು. ‘ನಿಮ್ಮ ಮನ್ಯಾಗ ಯಾರಿಗಾರ ಸೋಡಚೀಟಿ ಆಗಿ, ಕೋರ್ಟಿನ ಮಟ ಹೋಗಿತ್ತೇನ್ರಿ?’ ಆಚೆಯಿಂದ ಬಂದ ಉತ್ತರ ನನಗೂ ಕೇಳಿಸುತ್ತಿತ್ತು. “ಏ, ನಮ್ಮ ಮನೆತನದಾಗ ಅಂಥಾವ್ ಇಲ್ಲವ್ವ.” ಏಳು ಫೋನಿಗೂ ಹೆಚ್ಚುಕಡಿಮೆ ಅದೇ. ಎಂಟನೆಯವರು ಸಿಟ್ಟಿಗೆದ್ದು ಕತ್ತರಿಸಿದರು. ಊರೆಲ್ಲ ಒಪ್ಪಿಕೊಂಡು ನಡೆಸುವ ಪದ್ಧತಿ, ತಮ್ಮ ಮನೆಯಲ್ಲಿ ನಡೆದದ್ದೆಂದು ಹೇಳುವವರು ಒಬ್ಬರೂ ಇಲ್ಲ.

ತಾಂಡೂರಿನಲ್ಲಿ ಇಳಿದಾಗ ಎರಡು ಗಂಟೆ. ಶಿವಕುಮಾರ ಊಟಕ್ಕೆ ಮನೆಗೆ ಬಂದಿದ್ದ. ರೆಪ್ಪೆಯ ಮೇಲೆ ಸಹ ಕಲ್ಲಿನ ಧೂಳು. ಪಲ್ಲವಿಯನ್ನು ನೋಡಿ ಎದ್ದು ನಿಂತ, ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡ.

“ಎಷ್ಟ್ ಎತ್ತರ ಆಗ್ಯಾಳ...” ಎಂದ. ಯಾರಿಗೆ ಹೇಳಿದನೋ.

ಅವನ ಹೆಂಡತಿ ರೇಣುಕಾ ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟಳು. ಮೊದಲ ಲೋಟ ಮಹಾನಂದಾಳಿಗೇ. ಆರೇಳು ವರ್ಷದ ಮಗಳು ಅವಳ ಸೆರಗು ಹಿಡಿದು ನಿಂತಿದ್ದಳು. ಆ ಮಗುವಿನ ಎಡಗಿವಿಯ ತುದಿ ಒಳಕ್ಕೆ ಮಡಿಚಿಕೊಂಡಿತ್ತು, ಪಲ್ಲವಿಯದರಂತೆಯೇ. ಪಲ್ಲವಿಯೂ ಅದನ್ನು ಕಂಡಳು. ಕೂದಲು ಸರಿಸಿ ತನ್ನ ಕಿವಿ ಮುಚ್ಚಿಕೊಂಡಳು.

ಮಹಾನಂದಾ ವಿಷಯ ಹೇಳಿದಳು. ಅವರಿಗೆ ತಿಳಿಯದ್ದನ್ನು ನಾನು ಬಿಡಿಸಿ ಹೇಳಿದೆ. ಶಿವಕುಮಾರ ಎರಡು ಮಾತಾಡಲಿಲ್ಲ. “ಮಗಳ ಸಲುವಾಗಿ ನಾ ಏನ್ ಮಾಡೀನಿ ಇಷ್ಟ ದಿನ? ಕೊಡ್ರಿ, ಎಲ್ಲಿ ಹಾಕಬೇಕು” ಎಂದು ಕೈತೊಳೆದು ಬಂದು ಪೆನ್ನು ತೆಗೆದುಕೊಂಡ.

“ತಡೀರಿ,” ಎಂದಳು ರೇಣುಕಾ. ಮೆಲ್ಲಗೇ ಅಂದಳು. “ಇದರಾಗ ಏನ್ ಬರ್ದದ? ನನಗ ಇಂಗ್ಲಿಷ್ ಬರಂಗಿಲ್ಲ. ಅಕ್ಕಾರೆ, ನೀವು ಓದಿ ಹೇಳ್ರಿ.”

ಓದುತ್ತ ಹೋದೆ. ಮದುವೆಯಾದ ದಿನ, ಮಗಳು ಹುಟ್ಟಿದ ದಿನ, ಬೇರೆಯಾದ ವರ್ಷ. ನಾಲ್ಕನೆಯ ಪುಟಕ್ಕೆ ಬಂದಾಗ ನನ್ನ ನಾಲಿಗೆ ನಿಂತಿತು. ಅಲ್ಲಿ ಒಂದು ಸಾಲಿತ್ತು: ‘ಅರ್ಜಿದಾರರಿಬ್ಬರೂ ಈ ದಿನದವರೆಗೂ ಕಾನೂನಿನ ದೃಷ್ಟಿಯಲ್ಲಿ ಗಂಡ ಹೆಂಡತಿ.’

ಅದನ್ನು ನುಂಗಿಬಿಡಬಹುದಿತ್ತು. ಒಂದು ಸಾಲು. ಆ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇಬ್ಬರೇ, ನಾನು ಮತ್ತು ಪಲ್ಲವಿ. ಪಲ್ಲವಿ ನನ್ನ ಪಕ್ಕದಲ್ಲೇ ಕುಳಿತು ಕಾಗದ ನೋಡುತ್ತಿದ್ದಳು. ಅವಳ ಮೊಣಕೈ ನನ್ನ ಮೊಣಕೈಗೆ ತಾಗಿತು. ಬೇಕೆಂದೇ ತಾಗಿಸಿದಳೆಂದು ಇವತ್ತಿಗೂ ನನ್ನ ಅನಿಸಿಕೆ. ಆದರೆ ನನಗೆ ಕಂಡದ್ದು ಒಂದು ವರ್ಷದ ಹಿಂದೆ ನಾನೇ ಬರೆದ ‘ಡೈವೋರ್ಸ್ ಡೀಡ್’, ಅದರ ಕೆಳಗಿನ ನನ್ನ ದುಂಡನೆಯ ಸಹಿ. ಆ ಸಾಲನ್ನು ಓದಿದೆ. ಅರ್ಥವನ್ನೂ ಹೇಳಿದೆ.

 ರೇಣುಕಾ ಕತ್ತಿನ ಕರಿಮಣಿಯನ್ನು ಹೊರಗೆಳೆದು ಅಂಗೈ ಮೇಲೆ ಇಟ್ಟುಕೊಂಡಳು.

“ಇವತ್ತಿನ ಮಟ ಇವರಿಬ್ಬರು ಗಂಡ ಹೆಂಡ್ತಿ ಅಂದ್ರ, ಇದೇನ್ರಿ ಅಕ್ಕಾರೆ? ದಾರಾ?”

ಕರಿಮಣಿಯನ್ನು ಮತ್ತೆ ಸೆರಗಿನೊಳಗೆ ಸೇರಿಸಿದಳು.

“ನಮ್ಮಪ್ಪ ಆ ಸೋಡಚೀಟಿ ನೋಡೇ ನನ್ನ ಕೊಟ್ಟಾನ. ಅದು ಸುಳ್ಳಂತ ಇವರೇ ಸಹಿ ಮಾಡಿದ್ರ, ನಾ ಯಾರು? ಈ ಕೂಸು ಯಾರು? ನಾಳೆ ಇವರ ಅಣ್ಣ ತಮ್ಮರು ಇದೇ ಕಾಗಜ್ ಹಿಡ್ಕೊಂಡು, ನೀ ಹೆಂಡ್ತೇ ಅಲ್ಲ ನಡಿ ಅಂದ್ರ?”

“ಯಾರ್ ಅಂತಾರ ಹಂಗ?” ಎಂದ ಶಿವಕುಮಾರ.

“ಅಂದಾರ. ನಿಮ್ಮವ್ವ ಬರೇ ಪಲ್ಯಕ ಉಪ್ಪು ಜಾಸ್ತಿ ಆದ್ರ ಅಂದಾಳ.”

ಅಷ್ಟು ಬಿಗುವಿನಲ್ಲೂ ಅವನ ತುಟಿಯ ಮೇಲೆ ಅರೆಗಳಿಗೆ ನಗೆ ಬಂದು ಹೋಯಿತು. ಅವನ ಕೈ ಕಾಗದದ ಮೇಲೇ ಇತ್ತು, ಪೆನ್ನು ತೆರೆದೇ ಇತ್ತು. ಸಹಿ ಹಾಕಿಯೇಬಿಡುತ್ತಿದ್ದ. ರೇಣುಕಾ ತಡೆಯುತ್ತಲೂ ಇರಲಿಲ್ಲ, ಕೇಳಬೇಕಾದ್ದನ್ನು ಕೇಳಿ ಮಗುವಿನ ತಲೆ ಸವರುತ್ತಿದ್ದಳು. ಆಗ ಮಹಾನಂದಾ ಕೈಚಾಚಿ ಅವನ ಬೆರಳುಗಳಿಂದ ಪೆನ್ನು ತೆಗೆದುಕೊಂಡಳು. ಕ್ಯಾಪು ಹುಡುಕಿ ಮುಚ್ಚಿದಳು.

“ಬ್ಯಾಡ ಬಿಡ್ರಿ. ಹನ್ನೊಂದು ವರ್ಷದ ಹಿಂದ ನಾ ಒಮ್ಮೆ ಈ ಮನಿಂದ ಹೊರಗ ಬಂದೀನಿ. ಹೆಂಗಿರ್ತದ ನನಗ ಗೊತ್ತದ. ಇನ್ನೊಬ್ಬಾಕಿನ ಹೊರಗ ಹಾಕಿ ನಾ ವಿಮಾನ ಹತ್ತಂಗಿಲ್ಲ.”

ತಿರುಗಿ ಬರುವ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಪಲ್ಲವಿ ನಡುವೆ. ದಾರಿಯುದ್ದಕ್ಕೂ ಒಡೆದ ಹಾಸುಗಲ್ಲಿನ ರಾಶಿಗಳು. ಅವು ಮುಗಿದು ತೊಗರಿ ಹೊಲಗಳು ಶುರುವಾದ ಮೇಲೆ ಹುಡುಗಿ ಬಾಯಿ ತೆರೆದಳು.

“ಅವ್ವ, ನಿನಗ ಎಲ್ಲರ ಕೊಳ್ಳಾಗಿನ ಕರಿಮಣಿ ಕಾಣ್ತದ. ಮಾಮ ಮೇ ತಿಂಗಳದಾಗ ನನ್ನ ಕೊಳ್ಳಾಗ ಕಟ್ಟಸಾಕ ನಿಂತಿದ್ದು ಕಾಣಂಗಿಲ್ಲೇನು?”

 ಮಹಾನಂದಾ ಮಗಳ ತಲೆಯನ್ನು ಹೆಗಲಿಗೆ ಎಳೆದುಕೊಂಡಳು. ಹುಡುಗಿ ಬಿಡಿಸಿಕೊಂಡಳು. ತಾಯಿ ಮತ್ತೆ ಎಳೆದುಕೊಂಡಳು. ಆಮೇಲೆ ಪಲ್ಲವಿ ನನ್ನ ಕಡೆ ತಿರುಗಿ, “ಆಂಟಿ, ನೀವ್ ಆ ಒಂದು ಲೈನ್ ಬಿಟ್ಟು ಓದಿದ್ರ ಏನಾಗ್ತಿತ್ತು?” ಎಂದಳು. ಸಿಟ್ಟಿನಿಂದಲ್ಲ, ಲೆಕ್ಕದ ಉತ್ತರ ಕೇಳುವವಳ ಹಾಗೆ. ನಿನ್ನ ಕೆಲಸ ಆಗುತ್ತಿತ್ತು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅದು ಮಾತ್ರ ನಿಜವಾದ ಉತ್ತರವಾಗಿತ್ತು. ನನ್ನ ಕೈಚೀಲದಲ್ಲಿ ಆರು ಪುಟ, ಸಹಿಯಿಲ್ಲದೆ, ತಣ್ಣಗೆ.

ಹನ್ನೆರಡು ವರ್ಷದಲ್ಲಿ ನೂರಾರು ಅರ್ಜಿ ತುಂಬಿದ ಮೇಲೆ ಆ ಬಸ್ಸಿನಲ್ಲಿ ನನಗೆ ತಿಳಿದದ್ದು ಇಷ್ಟು. ಅರ್ಜಿಯ ಚೌಕದಲ್ಲಿ ಒಂದು ಪದ ಬರೆಯುವಾಗ ಆ ಪದ ನಮ್ಮ ಊರಿನದೋ, ಅದನ್ನು ಓದುವವರ ದೇಶದ್ದೋ ಎಂದು ಕೇಳಬೇಕು. ನಾವು ‘ಬಿಡುಗಡೆ’ ಎಂದದ್ದನ್ನು ಅವರು ಹಾಗೆಯೇ ಓದುವುದಿಲ್ಲ. ಈಗ ಯಾರು ಬಂದು ‘ಡೈವೋರ್ಸ್ ಆಗ್ಯದ’ ಎಂದರೂ, ನೀರು ಕೊಡುವ ಮೊದಲು ‘ಯಾವ ಕೋರ್ಟು, ಡಿಕ್ರಿ ಎಲ್ಲಿ’ ಎಂದು ಕೇಳುತ್ತೇನೆ. ಒರಟು ಹೆಂಗಸು ಎಂದುಕೊಂಡರೆ ಎಂದುಕೊಳ್ಳಲಿ. ಇನ್ನೊಂದೂ ಉಂಟು. ಬೇರೊಬ್ಬರ ಕಾಗದ ಓದಿ ಹೇಳುವವಳಿಗೆ ಸಾಲು ಆರಿಸಿಕೊಳ್ಳುವ ಹಕ್ಕಿಲ್ಲ. ಈ ಎರಡನೆಯದನ್ನು ಕಲಿಯಲು ಆ ದಿನ ಬೆಲೆ ತೆತ್ತವಳು ನಾನಲ್ಲ, ಒಬ್ಬ ಹದಿನೇಳರ ಹುಡುಗಿ ಎಂಬುದನ್ನು ಮರೆಯಲಾಗುವುದಿಲ್ಲ.

ಮನೆ ಮುಟ್ಟಿದಾಗ ಆರು ಗಂಟೆ. ನಾರಾಯಣಖೇಡದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ತಾಯಿ ಮಗಳನ್ನು ಮೇಜಿನ ಬಳಿ ಕೂರಿಸಿ ಚಹಾ ಇಟ್ಟೆ. ಬೆಳಗಿನ ಪೇಡೆಯ ಪೊಟ್ಟಣ ಅಲ್ಲೇ ಇತ್ತು, ದಾರ ಸುತ್ತಿದಂತೆಯೇ. ಗೋಡೆಯ ಕ್ಯಾಲೆಂಡರನ್ನು ಮತ್ತೆ ಜನವರಿಗೆ ತಿರುವಿದೆ.

ಅಷ್ಟರಲ್ಲಿ ಇಂದಿರಾಬಾಯಿ ಕೈಯಲ್ಲಿ ಒಂದು ಪುಟ್ಟ ಬಟ್ಟಲು ಹಿಡಿದು ಹಿಂಬಾಗಿಲಿಂದ ಬಂದರು. “ಹೆಪ್ಪು ಕೊಡ್ರಿ, ದೀಪ ಹಚ್ಚೋದ್ರೊಳಗ. ಹಚ್ಚಿದ ಮ್ಯಾಲ ನೀವ್ ಕೊಡಂಗಿಲ್ಲ, ನಾ ಒಯ್ಯಂಗಿಲ್ಲ. ಎಲ್ಲಿಗಿ ಹೋಗಿದ್ರಿ ಇಡೀ ದಿನ? ಮಾರಿ ಎಷ್ಟ್ ಸಣ್ಣದಾಗ್ಯದ!”

“ತಾಂಡೂರಿಗೆ” ಎಂದೆ. ಹೆಚ್ಚು ಹೇಳುವ ಶಕ್ತಿಯಿರಲಿಲ್ಲ. “ಇವರದೊಂದು ಸೋಡಚೀಟಿ. ಕೋರ್ಟಿನಲ್ಲಿ ನಡೆಯುವುದಿಲ್ಲವಂತೆ.”

ಇಂದಿರಾಬಾಯಿ ಬಟ್ಟಲನ್ನು ಸೆರಗಿನಿಂದ ಒರೆಸುತ್ತ ಅಂದರು:

“ಅಯ್ಯ, ನಡಿಯಲ್ದೇನ್ರಿ? ಇವರೂ ನಾವೂ ಒಂದೇ ಜನ, ನಮ್ಮ ಸೋದರತ್ತಿಗೂ ಸೋಡಚೀಟಿನೇ ಆಗಿತ್ತು. ಹೊಲದ ಜಗಳದಾಗ ಅದು ಖರೆನೇ ಅದ ಅಂತ ಜಡ್ಜ್ ಸಾಹೇಬ್ರು ಬರ್ದು ಕೊಟ್ಟಿದ್ರು. ಆ ಕಾಗಜ್ ನಮ್ಮ ತವರಮನಿ ಟ್ರಂಕಿನ್ಯಾಗೇ ಇರಬೇಕು ನೋಡ್ರಿ, ಇಲಿ ಬಿಟ್ಟಿದ್ರ... ಹೆಪ್ಪು ಜರಾ ಹುಳಿ ಇದ್ದದ್ದೇ ಹಾಕ್ರಿ.”